52 ದಿನಗಳ ಗೋಡೆ: ನೆಹೆಮೀಯನ ಪುಸ್ತಕದಿಂದ ಒಂದು ವಿಡಿಯೊ ಗೇಮ್ ಕಟ್ಟಿದ ದಾಖಲೆ

ಈ ಆಟದ ವಸ್ತು ಹಳೆಯ ಒಡಂಬಡಿಕೆಯ ನೆಹೆಮೀಯನ ಪುಸ್ತಕ. ಪಾರಸಿಯ ಅರಸ ಅರ್ತಷಸ್ತನ 20ನೆಯ ವರ್ಷದಲ್ಲಿ, ಅಂದರೆ ಕ್ರಿ.ಪೂ. 445ರ ಸುಮಾರಿಗೆ, ಅರಸನಿಗೆ ದ್ರಾಕ್ಷಾರಸ ಕೊಡುವ ಸೇವೆಯಲ್ಲಿದ್ದ ನೆಹೆಮೀಯನು ಶೂಷನ್ ಕೋಟೆಯಿಂದ ಯೆರೂಸಲೇಮಿಗೆ ಹೋಗಿ, ಪಾಳುಬಿದ್ದಿದ್ದ ಪಟ್ಟಣದ ಗೋಡೆಯನ್ನು 52 ದಿನಗಳಲ್ಲಿ ಕಟ್ಟಿಸಿ ಮುಗಿಸಿದ ವೃತ್ತಾಂತ ಅದರಲ್ಲಿದೆ. ಕ್ರೈಸ್ತ ಕುಟುಂಬಗಳೂ ಸಂಡೇ ಸ್ಕೂಲ್ ತರಗತಿಗಳೂ ಆಡಬಹುದಾದ ಆಟವೊಂದನ್ನು ಕಟ್ಟಲು ಹೊರಟಾಗ ದಾವೀದ, ನೋಹ, ಯೋನ ಮೊದಲಾದವರ ಪರಿಚಿತ ಕಥೆಗಳನ್ನು ಬದಿಗಿಟ್ಟು ಇದನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳ: ಆಟಕ್ಕೆ ಬೇಕಾದ ಮಿತಿಗಳೆಲ್ಲ ಮೂಲಪಾಠದಲ್ಲೇ ಸಿದ್ಧವಾಗಿವೆ. ದಿನಗಳ ಲೆಕ್ಕವಿದೆ, ಗೋಡೆಯ ಭಾಗಗಳ ಹಂಚಿಕೆಯಿದೆ, ಕೆಲಸಗಾರರ ದಣಿವಿದೆ, ಹೊರಗಿನವರ ಬೆದರಿಕೆಯಿದೆ, ಒಳಗಿನವರ ಸಾಲದ ಗೋಳಿದೆ. ಕ್ಯಾಥೊಲಿಕ್, ಪ್ರೊಟೆಸ್ಟೆಂಟ್, ಆರ್ಥೊಡಾಕ್ಸ್ ಪರಂಪರೆಗಳೆಲ್ಲವೂ ಈ ಪುಸ್ತಕವನ್ನು ಸತ್ಯವೇದದ ಭಾಗವೆಂದು ಒಪ್ಪುವುದರಿಂದ ಯಾವ ಸಭೆಯವರಿಗೂ ಇದು ಹೊರಗಿನದಾಗುವುದಿಲ್ಲ ಎಂಬುದು ಇನ್ನೊಂದು ಅನುಕೂಲ.

ಕೆಲಸ ಆರಂಭಿಸುವ ಮೊದಲು ಈ ಬಗೆಯ ಹಳೆಯ ಆಟಗಳನ್ನು ಆಡಿ ನೋಡಿದೆ. 1991ರಲ್ಲಿ ವಿಸ್ಡಮ್ ಟ್ರೀ ಎಂಬ ಹೆಸರಿನಲ್ಲಿ ಬಂದ ‘ಬೈಬಲ್ ಅಡ್ವೆಂಚರ್ಸ್’ ನಿಂಟೆಂಡೊ ಯಂತ್ರಕ್ಕಾಗಿ ಆ ಕಂಪನಿಯ ಪರವಾನಗಿಯಿಲ್ಲದೆ ತಯಾರಾದ ಕಾರ್ಟ್ರಿಡ್ಜ್ ಆಗಿತ್ತು. ಹೆಚ್ಚಾಗಿ ಕ್ರೈಸ್ತ ಪುಸ್ತಕದಂಗಡಿಗಳ ಮೂಲಕವೇ ಅದು ಜನರನ್ನು ತಲುಪಿತು. ಅದರಲ್ಲಿ ನೋಹನು ಪ್ರಾಣಿಗಳನ್ನು ತಲೆಯ ಮೇಲೆ ಹೊತ್ತು ನಾವೆಗೆ ಸಾಗಿಸುತ್ತಾನೆ, ಮಿರ್ಯಾಮಳು ಶಿಶು ಮೋಶೆಯನ್ನು ಹೊತ್ತು ಸಾಗುತ್ತಾಳೆ. ಹೊರುವ ನಿಯಮ ಎರಡಕ್ಕೂ ಒಂದೇ ಆದ್ದರಿಂದ, ಪ್ರಾಣಿಯನ್ನು ಎಸೆಯುವಂತೆಯೇ ಮಗುವನ್ನೂ ಎತ್ತಿ ಎಸೆಯಬಹುದಿತ್ತು. 1994ರ ‘ಸೂಪರ್ 3ಡಿ ನೋಹಾಸ್ ಆರ್ಕ್’ ಇನ್ನೂ ಸ್ಪಷ್ಟವಾದ ಉದಾಹರಣೆ: ‘ವುಲ್ಫೆನ್‌ಸ್ಟೈನ್ 3ಡಿ’ ಎಂಬ ಗುಂಡು ಹಾರಿಸುವ ಆಟದ ಎಂಜಿನ್ನನ್ನೇ (ಆಟವನ್ನು ನಡೆಸುವ ತಂತ್ರಾಂಶವನ್ನೇ) ಬಳಸಿ, ಸೈನಿಕರಿದ್ದ ಕಡೆ ಮೇಕೆಗಳನ್ನೂ ಬಂದೂಕಿದ್ದ ಕಡೆ ಆಹಾರ ಎಸೆಯುವ ಕವಣೆಯನ್ನೂ ಇಟ್ಟಿದ್ದರು. ಈ ಆಟಗಳನ್ನು ನಗೆಗೀಡು ಮಾಡುವುದು ಸುಲಭ. ಸೀಮಿತ ಸಾಧನಗಳಲ್ಲಿ ಅವರು ಮಾಡಿದ ಸಾಹಸವೂ ಸಣ್ಣದಲ್ಲ. ಆದರೆ ಬೇರೆ ಉದ್ದೇಶಕ್ಕೆ ಹುಟ್ಟಿದ ನಿಯಮಕ್ಕೆ ಸತ್ಯವೇದದ ವೇಷ ತೊಡಿಸಿದರೆ ಆಟಗಾರನ ಕೈಗೆ ಸಿಗುವುದು ಆ ಹಳೆಯ ನಿಯಮವೇ ಹೊರತು ವಚನವಲ್ಲ ಎಂಬುದನ್ನು ಅವು ಚೆನ್ನಾಗಿ ತೋರಿಸಿಕೊಟ್ಟವು. ಹಾಗಾಗಿ ಈ ಆಟದ ಪ್ರತಿಯೊಂದು ನಿಯಮವೂ ಪುಸ್ತಕದ ಒಂದು ವಚನದಿಂದ ಹುಟ್ಟಬೇಕು, ಪರದೆಯ ಮೇಲೆ ವಚನವನ್ನು ಅಂಟಿಸುವುದರಿಂದ ಆ ಋಣ ತೀರುವುದಿಲ್ಲ ಎಂಬ ಒಂದೇ ಕಟ್ಟುಪಾಡನ್ನು ಹಾಕಿಕೊಂಡೆ.

ಆಧಾರದ ಪಟ್ಟಿ

ಚಿತ್ರ ಬರೆಯುವುದಕ್ಕೂ ಕೋಡ್ ಬರೆಯುವುದಕ್ಕೂ ಮೊದಲು ತಯಾರಾದದ್ದು ಸಾಲು-ಅಂಕಣಗಳ ಸರಳ ಪಟ್ಟಿಯಾದ ಒಂದು ಸಿಎಸ್‌ವಿ ಕಡತ. ಆಟದಲ್ಲಿ ಬರುವ ಪ್ರತಿ ನಿಯಮಕ್ಕೂ, ಪ್ರತಿ ಮಾತಿಗೂ ಅದರಲ್ಲಿ ಒಂದು ಸಾಲು ಇದೆ. ಕೊನೆಯ ಎರಡು ಅಂಕಣಗಳಲ್ಲಿ ಆಧಾರವಚನವನ್ನೂ ಅದರ ಬಗೆಯನ್ನೂ ಬರೆದಿದೆ. ಬಗೆಗಳು ಮೂರು: ಪಾಠದಲ್ಲಿ ನೇರವಾಗಿ ಇರುವುದು ‘ವಚನ’, ಪಾಠದಿಂದ ತರ್ಕಿಸಬಹುದಾದದ್ದು ‘ಊಹೆ’, ಆಟದ ಅಗತ್ಯಕ್ಕಾಗಿ ಸೇರಿಸಿದ್ದು ‘ಕಲ್ಪನೆ’. ಬಗೆಯ ಅಂಕಣ ಖಾಲಿಯಿರುವ ಒಂದೇ ಒಂದು ಸಾಲು ಇದ್ದರೂ ಬಿಲ್ಡ್ (ಆಟವನ್ನು ಓಡಬಲ್ಲ ಪ್ರತಿಯಾಗಿ ತಯಾರಿಸುವುದು) ನಿಲ್ಲುವಂತೆ ಸಣ್ಣ ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ಇದೇ ಪಟ್ಟಿ ಆಟದೊಳಗೆ ಒಂದು ಟಿಪ್ಪಣಿ ಪುಸ್ತಕವಾಗಿ ತೆರೆದುಕೊಳ್ಳುತ್ತದೆ. ‘ಇದು ನಿಜವಾಗಿಯೂ ಬೈಬಲಿನಲ್ಲಿದೆಯೇ?’ ಎಂದು ಮಗು ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ.

ವಚನಸಂಖ್ಯೆಯ ವಿಷಯದಲ್ಲಿ ಒಂದು ತೊಡಕು ಎದುರಾಯಿತು. ಹೀಬ್ರೂ ಪಾಠದ ಕ್ರಮದಲ್ಲಿ, ನಮಗೆ ಪರಿಚಿತವಾದ 4ನೆಯ ಅಧ್ಯಾಯದ ಮೊದಲ 6 ವಚನಗಳು 3ನೆಯ ಅಧ್ಯಾಯದ ಕೊನೆಗೆ ಸೇರುತ್ತವೆ. ಕೆಲವು ಅನುವಾದಗಳು ಆ ಕ್ರಮವನ್ನೇ ಪಾಲಿಸುತ್ತವೆ. ಒಂದೇ ಕೋಣೆಯಲ್ಲಿ ಬೇರೆ ಬೇರೆ ಪ್ರತಿಗಳನ್ನು ಹಿಡಿದು ಕುಳಿತವರಿಗೆ 4:10 ಎಂಬುದು ಒಂದೇ ವಚನವಾಗಿರುವುದಿಲ್ಲ. ಆದ್ದರಿಂದ ಕಡತದಲ್ಲಿ ಎರಡು ಸಂಖ್ಯಾಕ್ರಮಗಳಿಗೂ ಜಾಗ ಮಾಡಿ, ಯಾವುದು ಬೇಕೆಂದು ಆಟಗಾರನೇ ಆರಿಸುವಂತೆ ಮಾಡಿದೆ. ಆಧುನಿಕ ಅನುವಾದಗಳಿಗೆ ಹಕ್ಕುಸ್ವಾಮ್ಯ ಇರುವುದರಿಂದ ಅವುಗಳ ವಾಕ್ಯಗಳನ್ನು ಆಟದಲ್ಲಿ ಸೇರಿಸಿಲ್ಲ; ಕಥೆಯನ್ನು ನನ್ನ ಮಾತುಗಳಲ್ಲೇ ಹೇಳಿ, ವಚನಸಂಖ್ಯೆಯನ್ನು ಮಾತ್ರ ಕೊಟ್ಟಿದ್ದೇನೆ. ಆಟ ನಿಲ್ಲಿಸಿ ಪುಸ್ತಕ ತೆರೆಯುವ ಶ್ರಮ ಆಟಗಾರನಿಗೆ ಉಳಿಯಿತು. ಅದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ.

ನೆಲ, ಕಸ, ಕೆಲಸಗಾರರು

ಎಂಜಿನ್ ಆಗಿ ಗೊಡೊ 4.3 ಅನ್ನು ಆರಿಸಿದೆ. ಎಂಐಟಿ ಪರವಾನಗಿಯಡಿ ಉಚಿತವಾಗಿ ಸಿಗುತ್ತದೆ, ಎರಡು ಆಯಾಮದ ಆಟಕ್ಕೆ ಹಗುರವಾಗಿದೆ, ಮತ್ತು ಮುಂದೆ ಹೇಳುವಂತೆ ಕನ್ನಡದ ಅಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಮೂಲ ಪರದೆಯ ಅಳತೆ 640×360 ಪಿಕ್ಸೆಲ್. ಎರಡರಿಂದ ಗುಣಿಸಿದರೆ 1280×720, ಮೂರರಿಂದ ಗುಣಿಸಿದರೆ 1920×1080 ಆಗುವುದರಿಂದ ಚಿತ್ರಗಳು ಮಸುಕಾಗದೆ ಹಿಗ್ಗುತ್ತವೆ. 1366×768ರ ಹಳೆಯ ಲ್ಯಾಪ್‌ಟಾಪ್ ಪರದೆಗಳಲ್ಲಿ ಮಾತ್ರ ಸುತ್ತಲೂ ಕಪ್ಪು ಅಂಚು ಉಳಿಯುತ್ತದೆ. ಪಿಕ್ಸೆಲ್‌ಗಳು ಅಡ್ಡಾದಿಡ್ಡಿಯಾಗುವುದಕ್ಕಿಂತ ಅದು ವಾಸಿ.

ನಕ್ಷೆಯ ಪ್ರಮಾಣಕ್ಕೆ ಪುಸ್ತಕವೇ ಒಂದು ಅಳತೆಗೋಲನ್ನು ಕೊಡುತ್ತದೆ. ತಗ್ಗಿನ ಬಾಗಿಲಿನಿಂದ ತಿಪ್ಪೆ ಬಾಗಿಲಿನವರೆಗೆ ಗೋಡೆಯ ಉದ್ದ 1000 ಮೊಳ ಎಂದು 3:13 ಹೇಳುತ್ತದೆ. ಮೊಳವನ್ನು ಸುಮಾರು 45 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಇದು 450 ಮೀಟರ್. ಒಂದು ಟೈಲ್ (ನಕ್ಷೆಯ ಒಂದು ಚೌಕ) ಎಂದರೆ 10 ಮೊಳ ಎಂದು ನಿಗದಿ ಮಾಡಿದಾಗ ಈ ಭಾಗಕ್ಕೆ 100 ಟೈಲ್ ಬೇಕಾದವು, 16 ಪಿಕ್ಸೆಲ್‌ನ ಟೈಲಿಗೆ ಒಟ್ಟು 1600 ಪಿಕ್ಸೆಲ್, ಅಂದರೆ ಎರಡೂವರೆ ಪರದೆಯ ಅಗಲ. ಉಳಿದ ಭಾಗಗಳ ಉದ್ದವನ್ನು ಪುಸ್ತಕ ಹೇಳುವುದಿಲ್ಲ. ನೆಹೆಮೀಯನ ಗೋಡೆಯು ಪಶ್ಚಿಮದ ಗುಡ್ಡವನ್ನೂ ಒಳಗೊಂಡಿತ್ತೇ ಅಥವಾ ಪೂರ್ವದ ಕಿರಿದಾದ ದಿಣ್ಣೆಯನ್ನು ಮಾತ್ರ ಸುತ್ತಿತ್ತೇ ಎಂಬ ಬಗ್ಗೆ ಪುರಾತತ್ವಜ್ಞರಲ್ಲಿ ಒಮ್ಮತವಿಲ್ಲ. ಕಿರಿದಾದ ಪಟ್ಟಣವನ್ನೇ ಬರೆದು, ಪಟ್ಟಿಯಲ್ಲಿ ಅದರ ಮುಂದೆ ‘ಊಹೆ’ ಎಂದು ನಮೂದಿಸಿದ್ದೇನೆ. 3ನೆಯ ಅಧ್ಯಾಯದಲ್ಲಿ ನಲವತ್ತರಷ್ಟು ಗುಂಪುಗಳ ಹೆಸರು ಬರುತ್ತದೆ; ಮೊಬೈಲ್ ಪರದೆಯಲ್ಲಿ ಅಷ್ಟನ್ನೂ ನಿಭಾಯಿಸುವುದು ಕಷ್ಟವಾದ್ದರಿಂದ ಗೋಡೆಯನ್ನು 24 ಭಾಗಗಳಾಗಿ ಮಾಡಿದೆ.

ಪ್ರತಿ ಟೈಲಿಗೂ ಐದು ಸ್ಥಿತಿಗಳಿವೆ: ಕಸ, ತೆರವು, ಅಡಿಪಾಯ, ಅರ್ಧ ಎತ್ತರ, ಪೂರ್ಣ ಎತ್ತರ. ಮೊದಲ ಮಾದರಿಯಲ್ಲಿ ಕಸ ಇರಲಿಲ್ಲ; ಕಲ್ಲು ತಂದು ಇಟ್ಟರೆ ಗೋಡೆ ಏಳುತ್ತಿತ್ತು. ಆದರೆ ಹೊರುವವರ ಬಲ ಕುಂದಿದೆ, ಕಸವೋ ರಾಶಿಯಾಗಿದೆ, ಗೋಡೆ ಕಟ್ಟುವುದು ನಮ್ಮಿಂದಾಗದು ಎಂದು ಜನರು ಗೊಣಗಿದ್ದನ್ನು 4:10 ದಾಖಲಿಸುತ್ತದೆ. ಕಟ್ಟುವ ಕೆಲಸದ ಬಹುಪಾಲು ಕಟ್ಟುವುದಲ್ಲ, ಹಿಂದಿನವರ ಪಾಳನ್ನು ಎತ್ತಿ ಹಾಕುವುದು ಎಂಬ ಈ ಸತ್ಯವನ್ನು ನಿಯಮವಾಗಿಸಿದ ಮೇಲೆ ಆಟದ ಲಯವೇ ಬದಲಾಯಿತು. ಈಗ ಮೊದಲ ಹತ್ತು ದಿನಗಳಲ್ಲಿ ಕಣ್ಣಿಗೆ ಕಾಣುವಂತೆ ಗೋಡೆ ಏಳುವುದೇ ಇಲ್ಲ. ‘ಇದು ನಿಧಾನ’ ಎಂದು ಪರೀಕ್ಷಿಸಿದವರು ಹೇಳಿದರೂ ಅದನ್ನು ಬದಲಿಸಲಿಲ್ಲ.

ಆಟ ಕಲಿಸುವ ಮೊದಲ ದೃಶ್ಯದಲ್ಲಿ ಒಂದೂ ಅಕ್ಷರವಿಲ್ಲ. ನೆಹೆಮೀಯನು ಯಾರಿಗೂ ತಿಳಿಸದೆ ರಾತ್ರಿಯಲ್ಲಿ ಎದ್ದು ಗೋಡೆಯನ್ನು ಪರೀಕ್ಷಿಸಿದನೆಂದು 2:12-15ರಲ್ಲಿದೆ. ಒಂದು ಜಾಗದಲ್ಲಿ ಅವನು ಏರಿದ್ದ ಪಶು ಮುಂದೆ ಹೋಗಲು ದಾರಿಯೇ ಇರಲಿಲ್ಲ. ಆಟಗಾರನೂ ಹಾಗೆಯೇ ಕತ್ತಲಲ್ಲಿ ಸುತ್ತುತ್ತಾನೆ, ಬುಗ್ಗೆ ಬಾಗಿಲು ದಾಟಿದ ಮೇಲೆ ಕಸದ ರಾಶಿಗೆ ತಡೆದು ನಿಲ್ಲುತ್ತಾನೆ, ಹಿಂತಿರುಗುತ್ತಾನೆ. ನಡೆಯುವುದು ಹೇಗೆ, ಕಸ ದಾರಿಯನ್ನು ಮುಚ್ಚುತ್ತದೆ, ಯಾವ ಭಾಗ ಎಷ್ಟು ಹಾಳಾಗಿದೆ ಎಂಬ ಮೂರೂ ಅಷ್ಟರಲ್ಲಿ ತಿಳಿದಿರುತ್ತವೆ.

ಕೆಲಸಗಾರರು ದಾರಿ ಹುಡುಕಲು ಗೊಡೊದಲ್ಲೇ ಇರುವ ಎ-ಸ್ಟಾರ್ ಗ್ರಿಡ್ (ಚೌಕಗಳ ಮೇಲೆ ಹತ್ತಿರದ ದಾರಿ ಹುಡುಕುವ ವಿಧಾನ) ಸಾಕಾಯಿತು. ಗೋಡೆ ಅರ್ಧ ಎತ್ತರಕ್ಕೆ ಬಂದೊಡನೆ ಆ ಟೈಲನ್ನು ದಾಟಲಾಗದ್ದೆಂದು ಗುರುತು ಮಾಡಬೇಕು. ಇಲ್ಲಿ ನಿರೀಕ್ಷಿತ ತೊಂದರೆಯೇ ಬಂತು: ಕೆಲವರು ಹೊರಬದಿಯಲ್ಲಿ ನಿಂತು ಕಟ್ಟಿ, ಗೋಡೆ ಎದ್ದ ಮೇಲೆ ಪಟ್ಟಣದ ಹೊರಗೇ ಉಳಿದುಬಿಡುತ್ತಿದ್ದರು, ಇನ್ನು ಕೆಲವರು ಅದೇ ಟೈಲಿನ ಮೇಲೆ ನಿಂತಿದ್ದು ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಿದ್ದರು. ಪರಿಹಾರವಾಗಿ ಪ್ರತಿ ಗೋಡೆ ಟೈಲಿಗೂ ಒಳಬದಿಯ ಪಕ್ಕದ ಟೈಲನ್ನು ‘ನಿಲ್ಲುವ ಜಾಗ’ವೆಂದು ಮೊದಲೇ ಲೆಕ್ಕ ಹಾಕಿ ಇಡಬೇಕಾಯಿತು. ಒಳಬದಿ ಯಾವುದೆಂದು ತಿಳಿಯಲು ನಕ್ಷೆಯ ನಡುಬಿಂದುವಿನ ಕಡೆ ಇರುವುದೇ ಒಳಗು ಎಂದು ತೆಗೆದುಕೊಳ್ಳುವುದು ಸುಲಭದ ದಾರಿ; ಆದರೆ ಉದ್ದುದ್ದವಾಗಿ, ಅಲ್ಲಲ್ಲಿ ಒಳಕ್ಕೆ ಬಾಗಿದ ಪಟ್ಟಣದ ಆಕಾರಕ್ಕೆ ಅದು ಹೊಂದದು. ಗೋಡೆಯ ರೇಖೆಯನ್ನು ಒಂದು ಬಹುಭುಜವೆಂದು ಭಾವಿಸಿ, ಪಕ್ಕದ ಟೈಲಿನ ನಡುಬಿಂದು ಅದರೊಳಗಿದೆಯೇ ಎಂದು ಎಂಜಿನ್ನಿನ ರೇಖಾಗಣಿತದ ಫಂಕ್ಷನ್ನಿನಿಂದ ಪರೀಕ್ಷಿಸಿದಾಗ ಎಲ್ಲ ಮೂಲೆಗಳೂ ಸರಿಹೋದವು.

ಯಾರು ಎಲ್ಲಿ ಕೆಲಸ ಮಾಡಬೇಕೆಂಬುದಕ್ಕೂ 3ನೆಯ ಅಧ್ಯಾಯವೇ ಆಧಾರ. ಅಕ್ಕಸಾಲಿಗರೂ ಸುಗಂಧದ್ರವ್ಯ ಮಾಡುವವರೂ ಕಲ್ಲು ಹೊತ್ತರು, ಶಲ್ಲೂಮನೊಂದಿಗೆ ಅವನ ಹೆಣ್ಣುಮಕ್ಕಳೂ ದುಡಿದರು, ಎಷ್ಟೋ ಮಂದಿ ತಮ್ಮ ತಮ್ಮ ಮನೆಗೆ ಎದುರಾಗಿದ್ದ ಭಾಗವನ್ನೇ ಕಟ್ಟಿದರು. ಮನೆಯೆದುರು ಕೆಲಸ ಮಾಡುವ ಕುಟುಂಬ ಭಯಕ್ಕೆ ಬೇಗ ಕದಲುವುದಿಲ್ಲ ಎಂಬ ನಿಯಮವನ್ನು ಇದರಿಂದ ತೆಗೆದೆ, ಇದು ‘ಊಹೆ’. ತೆಕೋವದ ಶ್ರೇಷ್ಠರು ಈ ಸೇವೆಗೆ ಹೆಗಲು ಕೊಡಲಿಲ್ಲವೆಂದು 3:5 ಹೇಳುವುದರಿಂದ ಆ ಗುಂಪಿನ ಮುಖಂಡರು ಆಟದಲ್ಲೂ ಕೈಕಟ್ಟಿ ನಿಂತಿರುತ್ತಾರೆ; ಅವರ ಮೇಲೆ ಎಷ್ಟು ಬಾರಿ ಒತ್ತಿದರೂ ಏನೂ ಆಗದು. ಅವರ ಊರಿನ ಸಾಮಾನ್ಯ ಜನರು ಮಾತ್ರ ತಮ್ಮ ಪಾಲನ್ನು ಮುಗಿಸಿ ಇನ್ನೊಂದು ಭಾಗವನ್ನೂ ಕೇಳಿ ಪಡೆಯುತ್ತಾರೆ, 3:27ರಲ್ಲಿ ಇರುವ ಹಾಗೆಯೇ. ಈ ಎರಡು ವಚನಗಳ ನಡುವಿನ ಮೊನಚನ್ನು ಯಾವ ವಿವರಣೆಯೂ ಇಲ್ಲದೆ ಎಲ್ಲ ವಯಸ್ಸಿನವರೂ ಹಿಡಿದರು.

ಯುದ್ಧವಿಲ್ಲದ ಶತ್ರು

ಸನ್ಬಲ್ಲಟ, ಟೋಬೀಯ, ಗೆಷೆಮ್ ಎಂಬ ವಿರೋಧಿಗಳು ಪುಸ್ತಕದುದ್ದಕ್ಕೂ ಹಾಸ್ಯ ಮಾಡುತ್ತಾರೆ, ಒಳಸಂಚು ಹೂಡುತ್ತಾರೆ, ಪತ್ರ ಬರೆಯುತ್ತಾರೆ. ಆದರೆ ದಾಳಿ ನಡೆಯುವುದೇ ಇಲ್ಲ. ಕೋಟೆಗೋಡೆ, ಬಿಲ್ಲು, ಭರ್ಜಿ ಎಲ್ಲ ಇರುವಾಗ ಶತ್ರುಸೈನ್ಯದ ಅಲೆಗಳನ್ನು ತಡೆಯುವ ಆಟವಾಗಿ ಇದನ್ನು ಮಾಡುವ ಆಸೆ ಯಾರಿಗೂ ಬರುವಂಥದ್ದೇ, ಮತ್ತು ಅದು ಹೆಚ್ಚು ಜನಪ್ರಿಯವೂ ಆಗಬಹುದು. ಹಾಗೆ ಮಾಡಿದರೆ ಪುಸ್ತಕದಲ್ಲಿ ಇಲ್ಲದ ರಕ್ತವನ್ನು ನಾವೇ ಹರಿಸಿದಂತಾಗುತ್ತದೆ. ಇಲ್ಲಿ ಗೋಡೆಯನ್ನು ನಿಲ್ಲಿಸಬಲ್ಲ ಶಕ್ತಿ ಇರುವುದು ಕತ್ತಿಗಲ್ಲ, ಸುದ್ದಿಗೆ.

ಆದ್ದರಿಂದ ಪ್ರತಿ ಭಾಗಕ್ಕೂ 0ಯಿಂದ 100ರವರೆಗೆ ಭಯದ ಒಂದು ಅಂಕ ಇಟ್ಟೆ. ಶತ್ರುಗಳ ನೆರೆಯಲ್ಲಿ ವಾಸಿಸುವವರು ಮತ್ತೆ ಮತ್ತೆ ಬಂದು ಎಚ್ಚರಿಸುತ್ತಾರೆ (4:12). ಪ್ರತಿ ವದಂತಿಗೂ ಹತ್ತಿರದ ಭಾಗಗಳಲ್ಲಿ ಭಯ ಏರುತ್ತದೆ, ಕಾವಲುಗಾರರು ನಿಂತ ಕಡೆ ಇಳಿಯುತ್ತದೆ, 70 ದಾಟಿದರೆ ಅಲ್ಲಿನ ಜನರು ಆ ದಿನಕ್ಕೆ ಕೆಲಸ ಬಿಟ್ಟು ಮನೆಗೆ ಹೋಗುತ್ತಾರೆ. ಕಾವಲಿಗೆ ನಿಂತವನು ಕಲ್ಲು ಹೊರಲಾರ. ನೆಹೆಮೀಯನ ಸೇವಕರಲ್ಲಿ ಅರ್ಧ ಮಂದಿ ಕೆಲಸಕ್ಕೂ ಅರ್ಧ ಮಂದಿ ಭರ್ಜಿ ಹಿಡಿಯುವುದಕ್ಕೂ ನಿಂತರೆಂಬ 4:16ರ ಹಂಚಿಕೆಯನ್ನು ನಾನು ಆಟಗಾರನ ಮೇಲೆ ಹೇರಲಿಲ್ಲ. ಬೇರೆ ಬೇರೆ ಹಂಚಿಕೆಗಳನ್ನು ಪ್ರಯತ್ನಿಸಿದ ಹೆಚ್ಚಿನವರು ಕೊನೆಗೆ ಅರ್ಧಕ್ಕೇ ಬಂದು ನಿಲ್ಲುವಂತೆ ಅಂಕಿಗಳನ್ನು ಹೊಂದಿಸಿದೆ. ಈ ಹೊಂದಾಣಿಕೆಗೆ ಇಡೀ ಯೋಜನೆಯಲ್ಲೇ ಅತಿ ಹೆಚ್ಚು ಸಮಯ ಹಿಡಿಯಿತು.

ವಿರೋಧ ಯಾವಾಗ ಬಿರುಸಾಗಬೇಕೆಂಬುದನ್ನು ದಿನದ ಲೆಕ್ಕಕ್ಕೆ ಕಟ್ಟಿಲ್ಲ. ಗೋಡೆಯೆಲ್ಲವೂ ಅರ್ಧ ಎತ್ತರಕ್ಕೆ ಬಂದು ಒಂದಕ್ಕೊಂದು ಕೂಡಿಕೊಂಡಿತೆಂದು 4:6ರಲ್ಲಿ ಹೇಳಿದ ಮರುವಚನದಲ್ಲೇ ಶತ್ರುಗಳು ಕೋಪಗೊಂಡರೆಂದಿದೆ. ಹಾಗಾಗಿ 24 ಭಾಗಗಳಲ್ಲಿ ಅತಿ ತಗ್ಗಿನದು ಅರ್ಧ ಮುಟ್ಟಿದಾಗ ಎರಡನೆಯ ಘಟ್ಟ ತೆರೆದುಕೊಳ್ಳುತ್ತದೆ. ಒಂದೇ ಕಡೆ ಪೂರ್ಣ ಗೋಡೆ ಎಬ್ಬಿಸಿ ಮೆರೆಯುವ ಆಟಗಾರನಿಗೆ ಇದರಿಂದ ಏನೂ ಲಾಭವಿಲ್ಲ.

ಅಪಾಯದ ಸೂಚನೆ ಬಂದಾಗ ತುತೂರಿ ಊದಿಸಿದರೆ ಎಲ್ಲರೂ ಆ ಜಾಗಕ್ಕೆ ಓಡಿಬರುತ್ತಾರೆ (4:20), ಅವರೆಲ್ಲರ ಭಯ ಇಳಿಯುತ್ತದೆ, ಆದರೆ ಆ ಹೊತ್ತಿನ ಕೆಲಸವೂ ನಿಲ್ಲುತ್ತದೆ. ತಾಂತ್ರಿಕವಾಗಿ ಇದು ಆಟವನ್ನು ಒಂದು ಕ್ಷಣ ಮುಗ್ಗರಿಸುವಂತೆ ಮಾಡುತ್ತಿತ್ತು, ಏಕೆಂದರೆ ಎಲ್ಲ ಕೆಲಸಗಾರರೂ ಒಂದೇ ಫ್ರೇಮಿನಲ್ಲಿ (ಪರದೆಯ ಒಂದು ಚಿತ್ರ ಮೂಡುವಷ್ಟು ಹೊತ್ತಿನಲ್ಲಿ) ಹೊಸ ದಾರಿ ಹುಡುಕತೊಡಗುತ್ತಿದ್ದರು. ಕೋರಿಕೆಗಳನ್ನು ಸರದಿಯಲ್ಲಿ ನಿಲ್ಲಿಸಿ ಫ್ರೇಮಿಗೆ 8ರಂತೆ ಬಿಡಿಸಿದಾಗ ತೊಂದರೆ ಹೋಯಿತು. ಜೊತೆಗೆ ಜನರು ಒಬ್ಬರ ಹಿಂದೆ ಒಬ್ಬರು ತಲೆಯೆತ್ತಿ ಓಡುವ ಸಹಜತೆಯೂ ಬಂತು, ಅದು ಕೇಳದೆ ಸಿಕ್ಕ ಲಾಭ.

ಓನೋ ಬಯಲಿಗೆ ಬಾ ಎಂದು ಕರೆಯುವ ಪತ್ರಗಳು 6ನೆಯ ಅಧ್ಯಾಯದಲ್ಲಿರುವಂತೆ ಒಟ್ಟು ಐದು: ನಾಲ್ಕು ಒಂದೇ ಧಾಟಿಯವು, ಐದನೆಯದು ಎಲ್ಲರೂ ಓದಬಹುದಾದ ತೆರೆದ ಪತ್ರ. ಹೋಗಬೇಡ ಎಂದು ಆಟ ತಡೆಯುವುದಿಲ್ಲ. ಹೋದರೆ ದಿನಗಳು ಕಳೆಯುತ್ತವೆ, ಊರಲ್ಲಿ ಭಯ ಏರುತ್ತದೆ, ಬಯಲಿನಲ್ಲಿ ಯಾರೂ ಇರುವುದಿಲ್ಲ. ಈ ಕೊನೆಯದು ಸ್ಪಷ್ಟವಾಗಿ ‘ಕಲ್ಪನೆ’. ಇನ್ನು, ಈ ಮೂವರು ವಿರೋಧಿಗಳ ಮುಖವನ್ನು ನಾನು ಎಲ್ಲಿಯೂ ಬರೆದಿಲ್ಲ. ಪುಸ್ತಕ ಅವರನ್ನು ಹೋರೋನದವನು, ಅಮ್ಮೋನಿಯನು, ಅರಬಿಯನು ಎಂದು ಕುಲದ ಹೆಸರಿನಿಂದ ಕರೆಯುತ್ತದೆ. ಇವುಗಳಲ್ಲಿ ಒಂದು ಹೆಸರನ್ನು ಇಂದಿಗೂ ಕೋಟ್ಯಂತರ ಜನರು ಹೊತ್ತಿದ್ದಾರೆ, ಅವರಲ್ಲಿ ಕ್ರೈಸ್ತರೂ ಇದ್ದಾರೆ. ಮಕ್ಕಳ ಆಟದಲ್ಲಿ ಕುಲವೊಂದಕ್ಕೆ ದುಷ್ಟತನದ ಮುಖ ಕೊಡುವ ಅಗತ್ಯ ಕಾಣಲಿಲ್ಲ. ಪತ್ರದ ಮೇಲಿನ ಮುದ್ರೆಗಳಷ್ಟೇ ಅವರ ಗುರುತು.

ಪ್ರಾರ್ಥನೆಯ ಬಟನ್

ಕ್ರೈಸ್ತ ಆಟವೊಂದನ್ನು ಕಟ್ಟುವವರಿಗೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ನೆಹೆಮೀಯನು ಪುಸ್ತಕದುದ್ದಕ್ಕೂ ಪ್ರಾರ್ಥಿಸುತ್ತಾನೆ: 1ನೆಯ ಅಧ್ಯಾಯದಲ್ಲಿ ಉಪವಾಸದೊಂದಿಗೆ ದೀರ್ಘವಾಗಿ, 2:4ರಲ್ಲಿ ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವಿನ ಒಂದು ಉಸಿರಿನಷ್ಟು ಹೊತ್ತು. ಇದನ್ನು ಬಿಟ್ಟರೆ ಆಟ ಬರೀ ಕಾಮಗಾರಿಯ ಆಟವಾಗುತ್ತದೆ. ಸೇರಿಸಿದರೆ, ಒತ್ತಿದೊಡನೆ ಫಲ ಕೊಡುವ ಬಟನ್ ಆಗುವ ಅಪಾಯ. 2006ರಲ್ಲಿ ಬಂದ ‘ಲೆಫ್ಟ್ ಬಿಹೈಂಡ್: ಎಟರ್ನಲ್ ಫೋರ್ಸಸ್’ ಎಂಬ ತಂತ್ರದ ಆಟದಲ್ಲಿ ಪ್ರತಿಯೊಬ್ಬನಿಗೂ ಆತ್ಮಬಲದ ಒಂದು ಅಂಕವಿತ್ತು, ಕೊಂದರೆ ಅದು ಇಳಿಯುತ್ತಿತ್ತು, ಪ್ರಾರ್ಥಿಸಿದರೆ ಏರುತ್ತಿತ್ತು. ಅಂದಮೇಲೆ ಕೊಂದು ಬಂದು ಪ್ರಾರ್ಥಿಸಿ ಲೆಕ್ಕ ಸರಿಮಾಡಿಕೊಳ್ಳುವುದೇ ಅಲ್ಲಿ ಜಾಣತನ.

ನನ್ನ ಮೊದಲ ಮಾದರಿಯಲ್ಲಿ ಬಟನ್ನನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಎಲ್ಲ ಭಾಗಗಳ ಭಯ ಸ್ವಲ್ಪ ಇಳಿಯುತ್ತಿತ್ತು. ಆಡಿದ ಮಕ್ಕಳು ಒಂದು ಬೆರಳನ್ನು ಸದಾ ಅದರ ಮೇಲಿಟ್ಟು, ಬ್ಯಾಟರಿ ತುಂಬಿಸುವಂತೆ ಕಾಲಕಾಲಕ್ಕೆ ಒತ್ತುತ್ತಿದ್ದರು. ಅವರ ತಪ್ಪೇನೂ ಅಲ್ಲ. ನಿಯಮ ಹೇಳಿಕೊಟ್ಟಿದ್ದೇ ಅದನ್ನು. ಫಲವನ್ನು ಯಾದೃಚ್ಛಿಕ ಮಾಡಿದರೆ ಹೇಗೆ ಎಂದು ಒಬ್ಬ ಸ್ನೇಹಿತರು ಸೂಚಿಸಿದರು. ಅದು ಇನ್ನೂ ಕೆಟ್ಟದ್ದು: ಒಮ್ಮೊಮ್ಮೆ ಮಾತ್ರ ಸಿಗುವ ಬಹುಮಾನ ಜೂಜಿನ ಯಂತ್ರಗಳ ಮೂಲಸೂತ್ರ. ತಡವಾಗಿ ಫಲ ಕೊಡುವುದೂ ಉತ್ತರವಲ್ಲ, ಏಕೆಂದರೆ ಎಷ್ಟು ತಡ ಎಂಬುದನ್ನು ಆಟಗಾರರು ಒಂದು ಗಂಟೆಯಲ್ಲಿ ಪತ್ತೆಹಚ್ಚುತ್ತಾರೆ. 2016ರ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಎಂಬ ಆಟ, ಕ್ಯಾನ್ಸರ್‌ನಿಂದ ತೀರಿಕೊಂಡ ಮಗುವೊಂದರ ತಂದೆತಾಯಿಗಳೇ ಸೇರಿ ಮಾಡಿದ್ದು, ಈ ಗಂಟಿನ ಇನ್ನೊಂದು ತುದಿಯನ್ನು ಹಿಡಿದಿತ್ತು: ಅಲ್ಲಿ ಪ್ರಾರ್ಥನೆ ಇದೆ, ಮಗು ಉಳಿಯುವುದಿಲ್ಲ, ಆಟಗಾರನ ಕೌಶಲದಿಂದ ಅದನ್ನು ಬದಲಿಸಲೂ ಆಗದು.

ಈಗಿರುವ ವ್ಯವಸ್ಥೆ ಹೀಗಿದೆ. ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಸಮಯ ನಿಲ್ಲುವುದಿಲ್ಲ, ಯಾರ ಕೆಲಸವೂ ವೇಗವಾಗುವುದಿಲ್ಲ, ಭಯದ ಅಂಕ ಇಳಿಯುವುದಿಲ್ಲ. ಪರದೆಯ ಮೇಲಿನ ಅಂಕಿಗಳೂ ಪಟ್ಟಿಗಳೂ ಮಾಯವಾಗುತ್ತವೆ, ನೋಟ ಹಿಂದೆ ಸರಿದು ಇಡೀ ಪಟ್ಟಣ ಒಮ್ಮೆಗೇ ಕಾಣುತ್ತದೆ, ಪ್ರತಿ ಕೆಲಸಗಾರನ ತಲೆಯ ಮೇಲೆ ಅವನ ಹೆಸರು ಮೂಡುತ್ತದೆ. ಅದುವರೆಗೆ ‘ಭಾಗ 14, ಭಯ 62’ ಆಗಿದ್ದದ್ದು ಶಲ್ಲೂಮನ ಮನೆಯವರಾಗುತ್ತದೆ. ಬಟನ್ ಬಿಟ್ಟರೆ ಅಂಕಿಗಳು ಮರಳುತ್ತವೆ. ಎಷ್ಟು ಹೊತ್ತು ಒತ್ತಿದರೆಂಬುದನ್ನು ಆಟ ಎಲ್ಲಿಯೂ ಎಣಿಸುವುದಿಲ್ಲ. ಆ ವೇರಿಯಬಲ್ಲನ್ನೇ ಕೋಡಿನಿಂದ ತೆಗೆದಿದ್ದೇನೆ.

ಪರಿಶೀಲಿಸಿದ ಪಾಸ್ಟರ್ ಒಬ್ಬರು ಇದಕ್ಕೆ ಬಲವಾದ ಆಕ್ಷೇಪ ಎತ್ತಿದರು: ಪ್ರಾರ್ಥನೆಯಿಂದ ಏನೂ ಆಗುವುದಿಲ್ಲ ಎಂದು ಮಗು ತಿಳಿದುಕೊಳ್ಳುವುದಿಲ್ಲವೇ? ನ್ಯಾಯವಾದ ಪ್ರಶ್ನೆಯೇ. ಶತ್ರುಗಳ ಆಲೋಚನೆಯನ್ನು ದೇವರು ನಿರರ್ಥಕ ಮಾಡಿದನೆಂದು 4:15 ಹೇಳುತ್ತದೆ. ದಾಳಿ ಎಂದೂ ಬಾರದಿರುವುದೇ ಆಟದಲ್ಲಿ ಅದರ ರೂಪ, ಮತ್ತು ಅದು ಆಟಗಾರನ ಯಾವ ಬಟನ್ನಿಗೂ ಕಟ್ಟುಬಿದ್ದಿಲ್ಲ. ದೇವರ ಕೆಲಸವನ್ನು ಆಟಗಾರನ ಬೆರಳಿಗೆ ಅಧೀನ ಮಾಡುವುದಕ್ಕಿಂತ ಈ ಮೌನವನ್ನೇ ನಾನು ಆರಿಸಿಕೊಳ್ಳುತ್ತೇನೆ. ಅವರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೆ 4:9ನ್ನು ದಿನದ ಆರಂಭದಲ್ಲಿ ತೋರಿಸಬೇಕೆಂಬ ಅವರ ಸಲಹೆ ಆಟಕ್ಕೆ ಸೇರಿದೆ: ಪ್ರಾರ್ಥಿಸಿದೆವು, ಕಾವಲನ್ನೂ ಇಟ್ಟೆವು ಎಂಬ ಜೋಡಿ ಅಲ್ಲಿದೆ. 4:4-5ರಲ್ಲಿ ವಿರೋಧಿಗಳ ಮೇಲೆ ಶಾಪ ಬೇಡುವ ಪ್ರಾರ್ಥನೆಯನ್ನು ಮರೆಮಾಚಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಅದರ ಸಂಖ್ಯೆಯಿದೆ, ಆಟಗಾರನ ಬಾಯಲ್ಲಿ ಮಾತ್ರ ಅದನ್ನು ಹಾಕಿಲ್ಲ.

ಸಾಲ ಮತ್ತು ಸೋಲು

ಗೋಡೆಯ ಕಥೆಯ ನಡುವೆ 5ನೆಯ ಅಧ್ಯಾಯ ಇದ್ದಕ್ಕಿದ್ದಂತೆ ಮನೆಯೊಳಗಿನ ಅನ್ಯಾಯಕ್ಕೆ ತಿರುಗುತ್ತದೆ. ಧಾನ್ಯಕ್ಕಾಗಿ ಹೊಲ, ದ್ರಾಕ್ಷೆತೋಟ, ಮನೆಗಳನ್ನು ಒತ್ತೆಯಿಟ್ಟವರು, ಮಕ್ಕಳನ್ನು ದಾಸತ್ವಕ್ಕೆ ಒಪ್ಪಿಸಿದವರು ಗೋಳಿಡುತ್ತಾರೆ. ಸಾಲ ಕೊಟ್ಟವರು ಅವರದೇ ಸಹೋದರರು. ಆಟದಲ್ಲಿ ಪ್ರತಿ ಕುಟುಂಬಕ್ಕೂ ಧಾನ್ಯದ ಲೆಕ್ಕವಿದ್ದು, ಗೋಡೆಗೆ ಹೆಚ್ಚು ದಿನ ದುಡಿದಷ್ಟೂ ಅದು ಕರಗುತ್ತದೆ. ಯಾವ ಸೂಚನೆಯೂ ಇಲ್ಲದೆ ಅವರ ಹೊಲದ ಬಣ್ಣ ಬೇರೆಯವರ ಬಣ್ಣಕ್ಕೆ ತಿರುಗುತ್ತದೆ. ಗೋಡೆಯನ್ನೇ ದಿಟ್ಟಿಸುವ ಆಟಗಾರನು ಇದನ್ನು ಗಮನಿಸುವ ಹೊತ್ತಿಗೆ ಅರ್ಧ ಊರು ಒತ್ತೆಯಲ್ಲಿರುತ್ತದೆ. ಆಗ ಸಭೆ ಕರೆದು ಹೊಲಗಳನ್ನು ಹಿಂತಿರುಗಿಸುವಂತೆ ಕೇಳಬೇಕು, ಅದಕ್ಕಾಗಿ ಒಂದು ಇಡೀ ದಿನದ ಕೆಲಸವನ್ನು ಬಿಡಬೇಕು. ನೆಹೆಮೀಯನು ಅಧಿಪತಿಗೆ ಸಲ್ಲಬೇಕಾದ ಆಹಾರದ ಹಕ್ಕನ್ನು ತೆಗೆದುಕೊಳ್ಳಲಿಲ್ಲವಾದ್ದರಿಂದ (5:14) ತೆರಿಗೆ ಹಾಕುವ ಆಯ್ಕೆಯೇ ಆಟದಲ್ಲಿಲ್ಲ. ತಂತ್ರದ ಆಟಗಳಲ್ಲಿ ಪಳಗಿದವರು ಅದನ್ನು ಬಹಳ ಹುಡುಕುತ್ತಾರೆ.

52 ದಿನ ಕಳೆದರೂ ಗೋಡೆ ಮುಗಿಯದಿದ್ದರೆ ಏನಾಗಬೇಕು? ‘ನೀವು ಸೋತಿರಿ’ ಎಂಬ ಪರದೆ ಇಲ್ಲಿ ಹೊಂದುವುದಿಲ್ಲ ಎನಿಸಿತು. ಆಟ ಮುಂದುವರಿಯುತ್ತದೆ, 53, 54 ಎಂದು ದಿನ ಏರುತ್ತದೆ, ಅಷ್ಟೇ. ಪ್ರತಿ ದಿನಕ್ಕೆ 90 ಸೆಕೆಂಡು. 52 ದಿನಗಳಿಗೆ 78 ನಿಮಿಷ. ನಕ್ಷತ್ರಗಳು ಕಾಣಿಸಿಕೊಂಡಾಗ (4:21) ದಿನ ಮುಗಿದು ಆಟ ತಾನಾಗಿ ಸೇವ್ ಆಗುತ್ತದೆ. ಅರ್ಧ ಗಂಟೆಯ ತರಗತಿಯಲ್ಲಿ 20 ದಿನ ಆಡಬಹುದು.

ಅಕ್ಷರ, ಧ್ವನಿ, ಬಿಲ್ಡ್

ಗೊಡೊದ ಮೂರನೆಯ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಜೋಡಣೆಯಾಗದೆ ಬಿಡಿಬಿಡಿಯಾಗಿ ಬೀಳುತ್ತಿದ್ದವು. ನಾಲ್ಕನೆಯ ಆವೃತ್ತಿಯಲ್ಲಿ ಅಕ್ಷರ ಜೋಡಿಸುವ ತಂತ್ರಾಂಶವಾದ ಹಾರ್ಫ್‌ಬಜ್ ಸೇರಿದ ಮೇಲೆ ಆ ಸಮಸ್ಯೆ ತೀರಿದೆ. ಮುಕ್ತ ಪರವಾನಗಿಯ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಬಳಸಿದೆ. ಪಿಕ್ಸೆಲ್ ಚಿತ್ರಗಳ ನಡುವೆ ನಯವಾದ ಅಕ್ಷರ ಸ್ವಲ್ಪ ಬೇರೆಯಾಗಿ ಕಂಡರೂ, 16 ಪಿಕ್ಸೆಲ್ ಎತ್ತರದ ಪಿಕ್ಸೆಲ್ ಅಕ್ಷರದಲ್ಲಿ ಒತ್ತಕ್ಷರಕ್ಕೂ ಅದರ ಕೆಳಗಿನ ಸಾಲಿಗೂ ಜಾಗ ಸಾಲದು. ಮಾತುಗಳು ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮದಲ್ಲಿ ಒಂದು ಸೂಕ್ಷ್ಮವಿದೆ: ಅಕ್ಷರದ ಬಿಡಿ ಘಟಕಗಳಾದ ಕೋಡ್ ಪಾಯಿಂಟ್‌ಗಳನ್ನು ಜೋಡಣೆಗೆ ಮೊದಲೇ ಕತ್ತರಿಸಿದರೆ ‘ಸ್ತ್ರೀ’ ಎಂಬುದು ಮೊದಲು ‘ಸ’ ಆಗಿ, ಆಮೇಲೆ ‘ಸ್’ ಆಗಿ, ರೂಪ ಬದಲಿಸುತ್ತಾ ಮಿನುಗುತ್ತದೆ. ಲೇಬಲ್ಲಿನ ಗುಣಗಳಲ್ಲಿ ಕಾಣುವ ಅಕ್ಷರಗಳ ವರ್ತನೆಯನ್ನು ‘ಜೋಡಣೆಯ ನಂತರ’ ಎಂದು ಬದಲಿಸಿದರೆ ಇಡೀ ಅಕ್ಷರ ಒಮ್ಮೆಗೇ ಮೂಡುತ್ತದೆ.

ಹಳೆಯ ಕೀರ್ತನೆಗಳ ರಾಗಗಳು ಹಕ್ಕುಮುಕ್ತವಾಗಿದ್ದರೂ ಅವುಗಳ ಹೊಸ ಧ್ವನಿಮುದ್ರಣಗಳು ಹಾಗಿರುವುದಿಲ್ಲ. ಅದರ ಗೊಡವೆಯೇ ಬೇಡವೆಂದು ಹಿನ್ನೆಲೆ ಸಂಗೀತವನ್ನು ಬಿಟ್ಟೆ. ಸುತ್ತಿಗೆಯ ಸದ್ದು, ಕಸ ಎಳೆಯುವ ಸದ್ದು, ಎಷ್ಟು ಮಂದಿ ಕೆಲಸದಲ್ಲಿದ್ದಾರೋ ಅಷ್ಟು ಪದರಗಳಾಗಿ ಕೇಳಿಬರುತ್ತವೆ. ಒಂದು ಭಾಗದ ಜನರು ಮನೆಗೆ ಹೋದರೆ ಕಣ್ಣಿಗೆ ಮೊದಲು ಕಿವಿಗೆ ಅದು ತಿಳಿಯುತ್ತದೆ.

ಬ್ರೌಸರ್‌ನಲ್ಲಿ ಓಡುವ ಬಿಲ್ಡ್‌ಗೆ 4.3ರಲ್ಲಿ ಬಂದ, ಕೆಲಸವನ್ನು ಒಂದೇ ಸರಣಿಯಲ್ಲಿ ನಡೆಸುವ, ಒಂದೇ ಥ್ರೆಡ್‌ನ ಎಕ್ಸ್‌ಪೋರ್ಟ್ ನೆರವಾಯಿತು, ಸರ್ವರ್ ಕಡೆ ವಿಶೇಷ ಹೆಡರ್‌ಗಳು ಬೇಕಾಗುವುದಿಲ್ಲ. ಹಳೆಯ ಕಂಪ್ಯೂಟರ್‌ಗಳಿಗಾಗಿ ಚಿತ್ರ ಬಿಡಿಸುವ ಹಗುರವಾದ ಕಂಪ್ಯಾಟಿಬಿಲಿಟಿ ರೆಂಡರರ್ ಆರಿಸಿದೆ. ಜಾಹೀರಾತು, ಖರೀದಿ, ಆಟಗಾರರ ಮಾಹಿತಿ ಸಂಗ್ರಹ ಯಾವುದೂ ಇಲ್ಲ.

ಸದ್ಯ ಉಳಿದಿರುವ ಕೆಲಸಗಳಲ್ಲಿ ಮುಖ್ಯವಾದದ್ದು ಬಾಗಿಲುಗಳದ್ದು. ಗೋಡೆಯಲ್ಲಿ ಒಡಕು ಉಳಿಯದಿದ್ದಾಗಲೂ ಬಾಗಿಲುಗಳಿಗೆ ಕದಗಳನ್ನು ಇಟ್ಟಿರಲಿಲ್ಲವೆಂದು 6:1 ಹೇಳುವುದರಿಂದ ಕದ ನಿಲ್ಲಿಸುವುದು ಕೊನೆಯ ಹಂತವಾಗಬೇಕು. ಆದರೆ ಕದ ಮುಚ್ಚಿದ ಮೇಲೆ ಹೊರಗಿನ ಹೊಲಗಳಿಗೆ ಹೋದವರ ದಾರಿ ಕಡಿದುಹೋಗಿ ಅವರು ನಿಂತಲ್ಲೇ ನಿಲ್ಲುತ್ತಾರೆ. ಬಿಸಿಲೇರುವ ತನಕ ಬಾಗಿಲು ತೆರೆಯಬಾರದೆಂಬ 7:3ರ ಆಜ್ಞೆಯನ್ನು ಬಳಸಿ, ಹಗಲಿನಲ್ಲಿ ತೆರೆದು ರಾತ್ರಿ ಮುಚ್ಚುವ ವೇಳಾಪಟ್ಟಿಯನ್ನು ಈಗ ಬರೆಯುತ್ತಿದ್ದೇನೆ. ಕಿವಿ ಕೇಳದ ಆಟಗಾರರಿಗೆ ತುತೂರಿಯ ಕರೆ ಕಾಣುವಂತೆ ಪರದೆಯ ಅಂಚಿನಲ್ಲಿ ದಿಕ್ಕು ತೋರಿಸುವ ಗುರುತೊಂದು ಬೇಕಾಗಿದೆ, ಮತ್ತು ಮುಂದಿನ ಬಿಲ್ಡ್‌ನಲ್ಲಿ ಕೀಲಿಗಳನ್ನು ಬದಲಿಸಿಕೊಳ್ಳುವ ಸೌಲಭ್ಯದೊಂದಿಗೆ ಅದೂ ಸೇರಲಿದೆ.